ಶಿಕಾಗೊ ಚಳಿಗಾಲ: ಮನೆ ಮುಂದಿನ ಐದು ಅಡಿ ದಾರಿ ಯಾರ ಹೊಣೆ?

ಪ್ರಶ್ನೆ: ಇಷ್ಟು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದು, ಈ ಬೇಸಿಗೆಯಲ್ಲಿ ಶಿಕಾಗೊ ನಗರದೊಳಗೇ ಒಂದು ಹಳೆಯ ಮನೆ ಕೊಂಡಿದ್ದೇವೆ. ಹಿಮ ತೆಗೆಯುವ ಚಿಂತೆ ನಮಗೆ ಈವರೆಗೆ ಇರಲಿಲ್ಲ. ಈಗ ಮನೆ ಮುಂದಿನ ಫುಟ್‌ಪಾತನ್ನು ನಾವೇ ತೆರವು ಮಾಡಬೇಕಂತೆ. ಆಫೀಸಿನ ಗೆಳೆಯರೊಬ್ಬರು, "ಮುಟ್ಟಲೇಬೇಡಿ, ನೀವು ತೆಗೆದ ಜಾಗದಲ್ಲಿ ಯಾರಾದರೂ ಜಾರಿ ಬಿದ್ದರೆ ಕೇಸು ನಿಮ್ಮ ಮೇಲೇ" ಎನ್ನುತ್ತಾರೆ. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ 70, "ಸಲಿಕೆ ಕೊಡು, ನಾನೇ ತೆಗೀತೀನಿ" ಅಂತಾರೆ. ಜನವರಿ ಕೊನೆಗೆ ಅವರನ್ನು ಕರೆದುಕೊಂಡು ನಾವೂ ಮೂರು ವಾರ ಊರಿಗೆ ಹೋಗುವವರು. ನಮ್ಮ ಕರ್ತವ್ಯ ಎಲ್ಲಿಯವರೆಗೆ? ನೆರೆಯವರ ಜೊತೆ ಸೇರಿ ಮಾಡುವಂಥದ್ದು ಏನಿದೆ?

ಉತ್ತರ: ಮೊದಲು ಗೆಳೆಯರ ಮಾತನ್ನು ನೋಡೋಣ. ಈ ಒಂದು ಹೆದರಿಕೆಯಿಂದಲೇ ಎಷ್ಟೋ ಮನೆಗಳ ಮುಂದೆ ಹಿಮ ಬಿದ್ದಲ್ಲೇ ಬಿದ್ದಿರುತ್ತದೆ. ಅವರ ಮಾತು ಸರಿಯಲ್ಲ. ಇಲಿನಾಯ್ ರಾಜ್ಯದಲ್ಲಿ 1979ರಿಂದ ಇರುವ ಕಾನೂನೊಂದು, ಮನೆ ಮುಂದಿನ ಫುಟ್‌ಪಾತಿನಿಂದ ಹಿಮ ತೆಗೆದವರಿಗೆ ರಕ್ಷಣೆ ಕೊಡುತ್ತದೆ. ತೆಗೆದದ್ದು ಅರೆಬರೆಯಾಗಿತ್ತು ಎಂಬ ಕಾರಣಕ್ಕೆ ನಿಮ್ಮಿಂದ ಪರಿಹಾರ ಕೇಳುವಂತಿಲ್ಲ. ಬೇಕೆಂದೇ ಅಪಾಯ ಮಾಡಿದ್ದರೆ, ಗೊತ್ತಿದ್ದೂ ತೀರಾ ಉಡಾಫೆಯಿಂದ ವರ್ತಿಸಿದ್ದರೆ ಮಾತು ಬೇರೆ. ನಗರದ ಸಂಹಿತೆಯಲ್ಲೂ ಇದೇ ಅರ್ಥದ ನಿಯಮವಿದೆ. ತಾನಾಗಿ ಬಿದ್ದ ಹಿಮಕ್ಕೆ ಮನೆಯವರನ್ನು ಹೊಣೆ ಮಾಡುವುದು ಕಷ್ಟ, ಆದರೆ ನಿಮ್ಮಿಂದಾಗಿ ಕಟ್ಟಿಕೊಂಡ ಮಂಜುಗಡ್ಡೆಗೆ ಹೊಣೆ ಬರಬಹುದು. ಆದ್ದರಿಂದ ನೀವು ನಿಜವಾಗಿ ಗಮನ ಕೊಡಬೇಕಾದದ್ದು ಚಾವಣಿಯ ನೀರಿಳಿಯುವ ಪೈಪಿಗೆ. ಅದರ ಬಾಯಿ ಫುಟ್‌ಪಾತಿನ ಕಡೆ ತಿರುಗಿದ್ದರೆ ಹಗಲು ಕರಗಿದ ನೀರು ದಾರಿಗೆ ಹರಿದು ರಾತ್ರಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ನವೆಂಬರ್‌ನಲ್ಲೇ ಅದನ್ನು ಅಂಗಳದ ಮಣ್ಣಿನ ಕಡೆ ತಿರುಗಿಸಿಬಿಡಿ.

ಇನ್ನು ನಿಯಮ. ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಬಿದ್ದ ಹಿಮವನ್ನು ಅದೇ ರಾತ್ರಿ 10ರೊಳಗೆ, ರಾತ್ರಿ ಬಿದ್ದದ್ದನ್ನು ಮಾರನೆಯ ಬೆಳಿಗ್ಗೆ 10ರೊಳಗೆ ತೆಗೆಯಬೇಕು. ಭಾನುವಾರವಾಗಲಿ ಹಬ್ಬವಾಗಲಿ ರಿಯಾಯಿತಿ ಇಲ್ಲ. ದಾರಿಯ ಅಗಲ ಕನಿಷ್ಠ 5 ಅಡಿ. ತಪ್ಪಿದರೆ ದಂಡ ದಿನಕ್ಕೆ 50ರಿಂದ 500 ಡಾಲರ್. ಇದು ಮಾಲೀಕರಿಗೆ ಮಾತ್ರ ಅನ್ವಯಿಸುವ ನಿಯಮವಲ್ಲ. ಬಾಡಿಗೆದಾರರು, ಕಟ್ಟಡ ನೋಡಿಕೊಳ್ಳುವವರು ಎಲ್ಲರೂ ಇದರಡಿ ಬರುತ್ತಾರೆ. ಮುಂದೆ ನೀವು ಒಂದು ಮಹಡಿಯನ್ನು ಬಾಡಿಗೆಗೆ ಕೊಟ್ಟರೆ, ಹಿಮ ಯಾರು ತೆಗೆಯಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ.

5 ಅಡಿ ಎಂಬುದು ಸುಮ್ಮನೆ ಇಟ್ಟ ಅಳತೆಯಲ್ಲ. ಗಾಲಿಕುರ್ಚಿಯವರು ಬರುತ್ತಿದ್ದಾಗ ಎದುರಿನಿಂದ ಮಗುವಿನ ಗಾಡಿ ತಳ್ಳಿಕೊಂಡು ಇನ್ನೊಬ್ಬರು ಬಂದರೆ ಇಬ್ಬರೂ ದಾಟುವಷ್ಟು ಜಾಗ ಬೇಕು. ಹೆಚ್ಚಿನವರು ಸಲಿಕೆಯ ಅಗಲಕ್ಕೆ ಒಂದೇ ಸಾಲು ತೆಗೆದು ಒಳಗೆ ಹೋಗುತ್ತಾರೆ. ನಡೆಯಬಲ್ಲವರಿಗೆ ಅಷ್ಟೇ ಸಾಕೆನಿಸುತ್ತದೆ, ಗಾಲಿಕುರ್ಚಿಯವರಿಗೆ ಅದು ದಾರಿಯೇ ಅಲ್ಲ. ಒಂದು ಬೀದಿಯಲ್ಲಿ ಇಪ್ಪತ್ತು ಮನೆಯವರು ತೆಗೆದು ಒಬ್ಬರು ಬಿಟ್ಟರೂ ಅಂಥವರು ಗಾಡಿ ಓಡುವ ರಸ್ತೆಗೆ ಇಳಿಯಲೇಬೇಕು. ನಿಮ್ಮದು ಮೂಲೆ ಮನೆಯಾದರೆ ಎರಡೂ ಬದಿಯ ಫುಟ್‌ಪಾತ್ ನಿಮ್ಮದೇ. ರಸ್ತೆ ದಾಟುವಲ್ಲಿನ ಇಳಿಜಾರನ್ನೂ ತೆರವು ಮಾಡಬೇಕು. ರಸ್ತೆಯ ಹಿಮ ತಳ್ಳುವ ನಗರದ ಲಾರಿ ಹೋದಾಗಲೆಲ್ಲ ಹಿಮವನ್ನು ಅದೇ ಇಳಿಜಾರಿಗೆ ತಂದು ಒಟ್ಟುತ್ತದೆ. ಹಾಗಾಗಿ ಅಲ್ಲಿ ಎರಡನೇ ಸಲ ಕೆಲಸ ಇದ್ದೇ ಇರುತ್ತದೆ.

ಎಷ್ಟು ಭಾರದ ಕೆಲಸ ಎಂಬ ಅಂದಾಜು ಮೊದಲೇ ಇರಲಿ. ಶಿಕಾಗೊದ ಸಾಮಾನ್ಯ ನಿವೇಶನ 25 ಅಡಿ ಅಗಲ. 25 ಅಡಿ ಉದ್ದ, 5 ಅಡಿ ಅಗಲದ ದಾರಿಯಲ್ಲಿ 6 ಇಂಚು ಒಣ ಪುಡಿಹಿಮ ಬಿದ್ದರೆ ಅದರ ತೂಕವೇ ಸುಮಾರು 175 ಕಿಲೊ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮವಾದರೆ ಅಷ್ಟೇ ಎತ್ತರಕ್ಕೆ 400ರಿಂದ 500 ಕಿಲೊ. ಮೆಟ್ಟಿಲು, ಅಂಗಳದ ದಾರಿ, ಗ್ಯಾರೇಜಿನ ಮುಂಭಾಗ ಇದರ ಮೇಲೆ. ಅದಕ್ಕೇ ಹಿಮ ನಿಲ್ಲುವವರೆಗೆ ಕಾಯಬೇಡಿ. ಎರಡು ಮೂರು ಇಂಚು ಬೀಳುತ್ತಿದ್ದಂತೆ ಒಮ್ಮೆ ತಳ್ಳಿ, ಮತ್ತೆ ಅಷ್ಟು ಬಿದ್ದ ಮೇಲೆ ಇನ್ನೊಮ್ಮೆ ತಳ್ಳಿ. ತಳ್ಳುವುದು ಸುಲಭ, ಎತ್ತಿ ಎಸೆಯುವುದೇ ಬೆನ್ನು ಮುರಿಯುವ ಕೆಲಸ. ಎಲ್ಲಕ್ಕಿಂತ ಮುಖ್ಯ, ಜನ ತುಳಿಯುವ ಮೊದಲೇ ತೆಗೆಯುವುದು. ಬೆಳಿಗ್ಗೆ ಶಾಲೆಯ ಮಕ್ಕಳು, ಬಸ್ಸು ಹಿಡಿಯುವವರು ತುಳಿದ ಹಿಮ ಒತ್ತಿಕೊಂಡು ಕಾಂಕ್ರೀಟಿಗೆ ಅಂಟುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಆಮೇಲೆ ಒಂದು ಗಂಟೆ ಹಿಡಿಯುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ತಳ್ಳಲು 24 ಇಂಚು ಅಗಲದ ಬಾಗಿದ ಸಲಿಕೆ ಒಂದು, ಮೆಟ್ಟಿಲಿಗೆ ಚಿಕ್ಕದೊಂದು, ಅಂಟಿದ ಗಡ್ಡೆ ಒಡೆಯಲು ಉಕ್ಕಿನ ಅಲಗಿನ ಉದ್ದ ಹಿಡಿಯ ಐಸ್ ಚಾಪರ್ ಒಂದು. ಒದ್ದೆ ಹಿಮ ಸಲಿಕೆಗೆ ಮೆತ್ತಿಕೊಂಡರೆ ಅಲಗಿಗೆ ಅಡುಗೆ ಎಣ್ಣೆ ಸವರಿ, ಜಾರಿ ಬೀಳುತ್ತದೆ. ಪಿಸಿಪಿಸಿ ಎನ್ನುವ ಕೆಸರುಹಿಮವನ್ನು ಸಂಜೆಗೆ ಮೊದಲೇ ಕೆರೆದು ತೆಗೆಯಿರಿ. ರಾತ್ರಿ ಅದು ಹೆಜ್ಜೆಗುರುತುಗಳ ಸಮೇತ ಕಲ್ಲಾಗುತ್ತದೆ, ಜನ ಕಾಲು ಉಳುಕಿಸಿಕೊಳ್ಳುವುದು ಅಂಥ ನೆಲದಲ್ಲೇ. ಬಿಸಿನೀರು ಸುರಿಯುವ ಉಪಾಯ ಮಾತ್ರ ಬೇಡವೇ ಬೇಡ, ಸ್ವಲ್ಪ ಹೊತ್ತಿಗೇ ಅದು ತೆಳುವಾದ ಮಂಜುಗಡ್ಡೆಯ ಪದರವಾಗುತ್ತದೆ.

ತೆಗೆದ ಹಿಮವನ್ನು ನಿಮ್ಮ ಅಂಗಳಕ್ಕೆ ಹಾಕಿ, ಇಲ್ಲವೇ ಫುಟ್‌ಪಾತಿಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿಗೆ ಹಾಕಿ. ರಸ್ತೆಗೆ, ಸೈಕಲ್ ಪಥಕ್ಕೆ, ಬಸ್ ನಿಲ್ದಾಣಕ್ಕೆ ತಳ್ಳುವುದು ಕಾನೂನಿಗೆ ವಿರುದ್ಧ. ನಿಮ್ಮ ಮನೆ ಮುಂದೆ ಫೈರ್ ಹೈಡ್ರಂಟ್ (ಅಗ್ನಿಶಾಮಕದವರು ನೀರು ಪಡೆಯುವ ಕೊಳಾಯಿ) ಇದ್ದರೆ ಅದರ ಸುತ್ತ 3 ಅಡಿ, ಅಲ್ಲಿಂದ ರಸ್ತೆಯವರೆಗೆ ಒಂದು ದಾರಿ ಬಿಡಿಸಿಡಿ. ಬೆಂಕಿ ಬಿದ್ದ ರಾತ್ರಿ ಹಿಮದ ಗುಡ್ಡೆಯಡಿ ಹೈಡ್ರಂಟ್ ಹುಡುಕುವುದಕ್ಕೆ ಹೋಗುವ ಒಂದೊಂದು ನಿಮಿಷವೂ ಯಾರದೋ ಮನೆಯದು, ಪ್ರಾಣದ್ದು. ರಸ್ತೆ ಅಂಚಿನ ಚರಂಡಿ ಜಾಲರಿ ಎಲ್ಲಿದೆ ಎಂದು ಹಿಮ ಬೀಳುವ ಮೊದಲೇ ನೋಡಿಟ್ಟುಕೊಳ್ಳಿ. ಹಿಮ ಒಮ್ಮೆಲೇ ಕರಗುವ ದಿನ ಅದರ ಬಾಯಿ ಬಿಡಿಸಿದರೆ ಇಡೀ ಬೀದಿಯ ನೀರು ಇಳಿದುಹೋಗುತ್ತದೆ.

ಉಪ್ಪಿನ ವಿಷಯದಲ್ಲಿ ಹೆಚ್ಚಿನವರು ಕೈ ಬಿಗಿ ಹಿಡಿಯುವುದಿಲ್ಲ. ಉಪ್ಪಿನ ಕೆಲಸ ಹಿಮವನ್ನೆಲ್ಲ ಕರಗಿಸುವುದಲ್ಲ, ಗಡ್ಡೆಗೂ ಕಾಂಕ್ರೀಟಿಗೂ ನಡುವಿನ ಹಿಡಿತ ಬಿಡಿಸುವುದು. ಹಾಗಾಗಿ ಮೊದಲು ಸಲಿಕೆ, ಆಮೇಲೆ ಉಪ್ಪು. ಕಾಫಿ ಕುಡಿಯುವ ದೊಡ್ಡ ಮಗ್ಗಿನ ತುಂಬ, ಅಂದರೆ ಸುಮಾರು ಅರ್ಧ ಕಿಲೊ ಕಲ್ಲುಪ್ಪು 500 ಚದರ ಅಡಿಗೆ ಸಾಕು. ನಿಮ್ಮ 25 ಅಡಿಯ ಫುಟ್‌ಪಾತ್ 125 ಚದರ ಅಡಿ, ಕಾಲು ಮಗ್ಗು ಧಾರಾಳ. ಹರಳಿಗೂ ಹರಳಿಗೂ ನಡುವೆ ಮೂರು ಇಂಚು ಅಂತರವಿದ್ದರೆ ಅದೇ ಸರಿಯಾದ ಅಳತೆ. ನೆಲ ಬೆಳ್ಳಗೆ ಕಂಡರೆ, ತುಳಿದಾಗ ಕರಕರ ಅಂದರೆ ಹೆಚ್ಚಾಯಿತು ಎಂದರ್ಥ. ಉಳಿದದ್ದನ್ನು ಗುಡಿಸಿಟ್ಟುಕೊಂಡು ಮುಂದಿನ ಸಲ ಬಳಸಿ.

ಸಾಮಾನ್ಯ ಕಲ್ಲುಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಮೈನಸ್ 9 ಸೆಲ್ಸಿಯಸ್‌ಗಿಂತ ಕೆಳಗೆ ಕೆಲಸ ಮಾಡುವುದಿಲ್ಲವೆಂದೇ ಇಟ್ಟುಕೊಳ್ಳಿ. ಉಪ್ಪು ಹಿಡಿಯುತ್ತಿಲ್ಲ ಎಂದು ಜನ ಇನ್ನೊಂದು ಚೀಲ ಸುರಿಯುವುದು ಇಂಥ ದಿನಗಳಲ್ಲೇ, ಅದು ಪೂರ್ತಿ ವ್ಯರ್ಥ. ಅಷ್ಟು ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವಾದರೆ ಕಾಲಿಗೆ ಹಿಡಿತ ಸಿಗಲು ಒರಟು ಮರಳು ಎರಚಿ. ಹಿಮ ಬೀಳುವ ಮುನ್ಸೂಚನೆಯಿದ್ದು ನೆಲ ಒಣಗಿದ್ದರೆ ಇನ್ನೊಂದು ದಾರಿಯಿದೆ. ಒಂದು ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ, ಗಿಡಕ್ಕೆ ಸಿಂಪಡಿಸುವ ಪಂಪಿನಲ್ಲಿ ತೆಳ್ಳಗೆ ಹೊಡೆಯಿರಿ. ಹಿಮ ನೆಲಕ್ಕೆ ಅಂಟುವುದೇ ಇಲ್ಲ, ಉಪ್ಪೂ ಬಹಳ ಉಳಿಯುತ್ತದೆ. ಮಳೆ ಬಂದು ಆಮೇಲೆ ಹಿಮವಾಗುವ ದಿನ ಮಾತ್ರ ಇದು ಬೇಡ, ತೊಳೆದುಹೋಗುತ್ತದೆ.

ಇಷ್ಟು ಲೆಕ್ಕ ಏಕೆಂದರೆ ಈ ಉಪ್ಪು ಎಲ್ಲಿಗೂ ಮಾಯವಾಗುವುದಿಲ್ಲ. ಕರಗಿದ ನೀರು ಚರಂಡಿಯಿಂದ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿ ಕೊಳೆ ತೆಗೆಯುತ್ತಾರೆಯೇ ಹೊರತು ಕ್ಲೋರೈಡ್ ತೆಗೆಯುವುದಿಲ್ಲ, ಅದು ನೇರ ಶಿಕಾಗೊ ನದಿ ಸೇರುತ್ತದೆ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಜಲಚರಗಳಿಗೆ ಹಾನಿಯಾಗುವಷ್ಟು ಕೆಡಿಸುತ್ತದೆ. ಬೀದಿ ಮರದ ಬುಡಕ್ಕೆ ಉಪ್ಪು ಬೆರೆತ ಹಿಮ ಒಟ್ಟಬೇಡಿ. ಒಂದು ವರ್ಷ ತುಂಬದ ಹೊಸ ಕಾಂಕ್ರೀಟಿಗೂ ಉಪ್ಪು ತಾಗಿಸಬೇಡಿ, ಮೇಲ್ಪದರ ಸಿಪ್ಪೆಯೇಳುತ್ತದೆ.

ಈಗ ಅಪ್ಪನ ವಿಷಯ. ಅವರ ಉತ್ಸಾಹವನ್ನು ಗೌರವಿಸಿ, ಆದರೆ ಸಲಿಕೆ ಕೊಡಬೇಡಿ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಜೊತೆಗೆ ಕೈಯಿಂದ ಭಾರ ಎತ್ತುವುದು, ಎತ್ತುವಾಗ ಉಸಿರು ಬಿಗಿ ಹಿಡಿಯುವುದು, ಇವೆಲ್ಲ ಕೂಡಿ ಹೃದಯಕ್ಕೆ ಒಮ್ಮೆಲೇ ಹೊರೆ ಬೀಳುತ್ತದೆ. ದಿನಾ ವಾಕಿಂಗ್ ಮಾಡುವವರಿಗೂ ಈ ಕೆಲಸ ಬೇರೆಯೇ. ಪ್ರವಾಸಿ ವೀಸಾದ ಮೇಲೆ ಬಂದ ಹಿರಿಯರ ವಿಮೆಗಳಲ್ಲಿ ಹಲವು, ಮೊದಲೇ ಇದ್ದ ಕಾಯಿಲೆಗೆ ಪೂರ್ತಿ ಖರ್ಚು ಕೊಡುವುದಿಲ್ಲ ಎಂಬುದೂ ನೆನಪಿರಲಿ. ನೀವೇ ತೆಗೆಯುವಾಗಲೂ ಹೊಟ್ಟೆ ತುಂಬ ಊಟ ಮಾಡಿ ಹೊರಡಬೇಡಿ, ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿ. ಎದೆ ಹಿಡಿದಂತಾದರೆ, ಎಡತೋಳು ಅಥವಾ ದವಡೆ ನೋವಾದರೆ, ತಣ್ಣನೆ ಬೆವರಿದರೆ ಕಾಯದೆ 911ಕ್ಕೆ ಕರೆ ಮಾಡಿ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದು ಗಂಟೆಗೆ 15 ಮೈಲಿ ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. 2019ರ ಜನವರಿ 30ರಂದು ಇಲ್ಲಿನ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ದಾಖಲಾಗಿತ್ತು. ಅಂಥ ದಿನ ಹಿರಿಯರು ಮನೆಯೊಳಗೇ ಇರಲಿ.

ಅಪ್ಪನಿಗೆ ಬೇರೆ ಕೆಲಸ ಕೊಡಿ, ಅದೂ ಮುಖ್ಯವಾದದ್ದೇ. ಮನೆ ಬೆಚ್ಚಗಿಡುವ ಹೊಸ ಬಗೆಯ ಫರ್ನೇಸುಗಳ ಹೊಗೆ ಚಿಮಣಿಯಿಂದ ಹೋಗುವುದಿಲ್ಲ, ಗೋಡೆಯಿಂದ ಹೊರಚಾಚಿದ ಬಿಳಿ ಪಿವಿಸಿ ಪೈಪಿನಿಂದ ಹೋಗುತ್ತದೆ. ನೆಲಕ್ಕೆ ಹತ್ತಿರವಿದ್ದರೆ ಹಿಮ ಅದರ ಬಾಯಿ ಮುಚ್ಚುತ್ತದೆ. ಆಗ ಫರ್ನೇಸ್ ನಿಲ್ಲುತ್ತದೆ, ಇಲ್ಲವೇ ಇಂಗಾಲದ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಹಿಮ ಬಿದ್ದಾಗಲೆಲ್ಲ ಆ ಪೈಪಿನ ಬಾಯಿ ಕಿಟಕಿಯಿಂದ ನೋಡಿ ನಿಮಗೆ ಹೇಳುವುದು, ತಿಂಗಳಿಗೊಮ್ಮೆ ಮೊನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ಪರೀಕ್ಷಿಸುವುದು ಅವರ ಹೊಣೆಯಾಗಲಿ. ಪ್ರತಿ ಮಲಗುವ ಕೋಣೆಯ 15 ಅಡಿಯೊಳಗೆ ಅಂಥ ಅಲಾರಂ ಇರಬೇಕೆಂಬುದು ರಾಜ್ಯದ ಕಾನೂನು. ಕಾರು ಹಿಮದಲ್ಲಿ ಹೂತಿದ್ದರೆ ಎಂಜಿನ್ ಚಾಲೂ ಮಾಡುವ ಮೊದಲು ಹಿಂದಿನ ಹೊಗೆ ಕೊಳವೆ ಬಿಡಿಸಬೇಕು, ಕಾರಣ ಇದೇ.

ಕಾರು ನಿಲ್ಲಿಸುವ ನಿಯಮಗಳು ಎರಡಿವೆ, ಜನ ಒಂದನ್ನು ಇನ್ನೊಂದೆಂದು ತಿಳಿದು ಕೆಡುತ್ತಾರೆ. ಮೊದಲನೆಯದು, ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಸುಮಾರು 107 ಮೈಲಿ ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ನಿಲ್ಲಿಸುವಂತಿಲ್ಲ. ಹಿಮ ಬೀಳಲಿ ಬಿಡಲಿ, ಕಾರು ಎತ್ತಿಕೊಂಡು ಹೋಗುತ್ತಾರೆ. 60 ಡಾಲರ್ ದಂಡ, ಎತ್ತಿದ್ದಕ್ಕೆ 150, ಇಟ್ಟುಕೊಂಡಿದ್ದಕ್ಕೆ ದಿನಕ್ಕೆ 25 ತೆರಬೇಕು. ಎರಡನೆಯದು, ಇನ್ನೂ ಸುಮಾರು 500 ಮೈಲಿ ರಸ್ತೆಗಳಲ್ಲಿ 2 ಇಂಚು ಹಿಮ ಬಿದ್ದಾಗ ಜಾರಿಗೆ ಬರುವಂಥದ್ದು, ಗಂಟೆ ತಿಂಗಳುಗಳ ಲೆಕ್ಕವಿಲ್ಲ. ಎರಡಕ್ಕೂ ಫಲಕಗಳಿವೆ, ಓದಿಯೇ ನಿಲ್ಲಿಸಿ. ಮನೆ ಹಿಂದಿನ ಗಲ್ಲಿಯ ಹಿಮವನ್ನು ನಗರದವರು ಲಾರಿಯಿಂದ ತಳ್ಳುವುದಿಲ್ಲ. ತಳ್ಳಿದರೆ ಹಿಮವೆಲ್ಲ ಗ್ಯಾರೇಜ್ ಬಾಗಿಲುಗಳಿಗೆ ಹೋಗಿ ಒತ್ತಿಕೊಳ್ಳುತ್ತದೆ ಎಂಬುದೇ ಕಾರಣ. ಆದ್ದರಿಂದ ಗಲ್ಲಿಯನ್ನು ನಾಲ್ಕು ಮನೆಯವರು ಸೇರಿ ತೆಗೆಯುವುದೇ ದಾರಿ.

ಹಿಮ ತೆಗೆದ ಜಾಗಕ್ಕೆ ಹಳೆಯ ಕುರ್ಚಿ ಇಟ್ಟು ಕಾದಿರಿಸುವ "ಡಿಬ್ಸ್" ಪದ್ಧತಿಯನ್ನೂ ನೋಡುತ್ತೀರಿ. ಕಾನೂನು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ನಗರದವರು ಬಂದು ಕುರ್ಚಿಗಳನ್ನು ಎತ್ತಿಕೊಂಡೂ ಹೋಗುತ್ತಾರೆ. ನೀವು ಇಡಬೇಡಿ. ಇನ್ನೊಬ್ಬರು ಇಟ್ಟದ್ದನ್ನು ಸರಿಸಿ ಕಾರು ನಿಲ್ಲಿಸಲೂ ಹೋಗಬೇಡಿ, ಜಗಳಕ್ಕೆ ಅದು ನೇರ ದಾರಿ.

ನೆರೆಯವರ ಜೊತೆಗಿನ ಕೆಲಸವನ್ನು ದೊಡ್ಡ ಸಂಘಟನೆಯಿಂದ ಶುರು ಮಾಡಬೇಕಿಲ್ಲ. ಎಡ ಬಲ ಎರಡೆರಡು ಮನೆಯವರ ಫೋನ್ ನಂಬರ್ ತೆಗೆದುಕೊಂಡು, ಮೊದಲ ಹಿಮಕ್ಕೆ ಮುಂಚೆಯೇ ಮಾತಾಡಿ. ಬೆಳಿಗ್ಗೆ ಬೇಗ ಏಳುವವರು ಮೊದಲ ಸಾಲು ಐದೂ ಮನೆಗಳ ಉದ್ದಕ್ಕೆ ತಳ್ಳಲಿ, ಮಿಕ್ಕವರು ಅಗಲ ಮಾಡಲಿ. ಹಿಮ ಎತ್ತಿ ಎಸೆಯುವ ಯಂತ್ರ, ಅಂದರೆ ಸ್ನೋಬ್ಲೋವರ್, ಐದು ಮನೆಗೆ ಒಂದು ಸಾಕು. ಇಂಧನದ ಖರ್ಚು, ರಿಪೇರಿ, ಯಾರ ಗ್ಯಾರೇಜಿನಲ್ಲಿಡುವುದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಯಂತ್ರದಲ್ಲಿ ಹಿಮ ಸಿಕ್ಕಿಕೊಂಡಾಗ, ಎಂಜಿನ್ ಆಫ್ ಮಾಡಿದ್ದರೂ ಕೈ ಹಾಕಬಾರದು, ಅದರ ಜೊತೆ ಬರುವ ಕೋಲಿನಿಂದಲೇ ತೆಗೆಯಬೇಕು. ಒತ್ತಡದಲ್ಲಿ ನಿಂತ ಅಲಗು ಹಿಮ ಸಡಿಲವಾದೊಡನೆ ತಿರುಗಿ ಬೆರಳು ಕತ್ತರಿಸುತ್ತದೆ.

ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ಗಾಲಿಕುರ್ಚಿಯಲ್ಲಿರುವವರು ಯಾರು ಎಂದು ತಿಳಿದುಕೊಳ್ಳಿ. ಅವರ ಮನೆ ಮೆಟ್ಟಿಲಿನಿಂದ ಫುಟ್‌ಪಾತ್‌ವರೆಗೆ ದಾರಿ ಬಿಡಿಸುವುದು ಯಾರ ಪಾಳಿ ಎಂಬುದು ನಿಗದಿಯಾಗಿರಲಿ, "ಯಾರಾದರೂ ಮಾಡುತ್ತಾರೆ" ಎಂದಾದರೆ ಯಾರೂ ಮಾಡುವುದಿಲ್ಲ. ಇದೇ ಕೆಲಸಕ್ಕೆ ನಗರದಲ್ಲಿ "ಸ್ನೋ ಕೋರ್" ಎಂಬ ಸ್ವಯಂಸೇವಕರ ಯೋಜನೆಯಿದೆ, ನಗರದ ಸೇವೆಗಳ ಫೋನ್ ಸಂಖ್ಯೆ 311ರ ಮೂಲಕ ಹೆಸರು ಕೊಡಬಹುದು, ಸಹಾಯವನ್ನೂ ಕೇಳಬಹುದು. ಸ್ವಯಂಸೇವಕರು ಸಿಕ್ಕೇ ಸಿಗುತ್ತಾರೆ ಎಂಬ ಖಾತರಿಯಿಲ್ಲದ್ದರಿಂದಲೇ ನಿಮ್ಮಂಥ ಗಟ್ಟಿ ಕೈಗಳು ಅದಕ್ಕೆ ಬೇಕು. ಕಡು ಚಳಿಯ ದಿನ ಯಾರಾದರೂ ಎರಡು ದಿನದಿಂದ ಕಾಣಿಸಿಲ್ಲ ಎಂದರೆ ಬಾಗಿಲು ತಟ್ಟಿ. ಉತ್ತರ ಬಾರದಿದ್ದರೆ 311ಕ್ಕೆ ಹೇಳಿ, ಕ್ಷೇಮ ವಿಚಾರಿಸಲು ಜನ ಕಳಿಸುತ್ತಾರೆ. ಬಾಡಿಗೆಗಿರುವ ಪರಿಚಯದವರ ಮನೆ ಬೆಚ್ಚಗಿಲ್ಲದಿದ್ದರೆ ಅದಕ್ಕೂ 311 ಇದೆ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬೆಳಿಗ್ಗೆ 8.30ರಿಂದ ರಾತ್ರಿ 10.30ರ ತನಕ 68, ಉಳಿದ ಹೊತ್ತು 66 ಡಿಗ್ರಿ ಫ್ಯಾರನ್‌ಹೀಟ್ ಇರುವಂತೆ ನೋಡಿಕೊಳ್ಳುವುದು ಮಾಲೀಕರ ಕರ್ತವ್ಯ. ನಮ್ಮ ವಿದ್ಯಾರ್ಥಿಗಳು ಹಲವರು ಇದು ತಿಳಿಯದೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಸಹಿಸುತ್ತಾರೆ. ಕನ್ನಡ ಕೂಟದ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಹಂಚುವಾಗ ಈ ಎರಡು ಮಾತನ್ನೂ ಹೇಳಿದರೆ ಅದೂ ಸೇವೆಯೇ. ಮಕ್ಕಳಿದ್ದರೆ, ಹಿಮ ತಳ್ಳುವ ಲಾರಿಗಳಿಗೆ ಹೆಸರಿಡುವ ನಗರದ ಸ್ಪರ್ಧೆಗೆ ಒಂದು ಹೆಸರು ಕಳಿಸಲಿ. 2023ರಲ್ಲಿ ಗೆದ್ದ ಹೆಸರುಗಳಲ್ಲೊಂದು, ಊರಿನ ಮೊದಲ ನೆಲೆಸಿಗರೆನಿಸಿದ ಡು ಸಾಬ್ಲ್ ಅವರ ಹೆಸರಿನ ಮೇಲೆ ಕಟ್ಟಿದ "ಜೀನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡು ಶವೆಲ್".

ಕೊನೆಗೆ ನಿಮ್ಮ ಊರಿನ ಪ್ರಯಾಣ. ಮೂರು ವಾರ ನೀವಿಲ್ಲದಿದ್ದರೂ ಫುಟ್‌ಪಾತಿನ ಹೊಣೆ ನಿಮ್ಮದೇ. ನೆರೆಯವರಿಗೆ ಹೇಳಿಹೋಗಿ, ಇಲ್ಲವೇ ದುಡ್ಡು ಕೊಟ್ಟು ಗೊತ್ತು ಮಾಡಿ. ಮುಟ್ಟದ ಹಿಮ, ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳರಿಗೆ ಸಾರುವ ಫಲಕವೂ ಹೌದು. ಥರ್ಮೋಸ್ಟಾಟನ್ನು 55 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸಬೇಡಿ. ಬಿಸಿ ಆರಿಸಿ ಹೋದ ಮನೆಯಲ್ಲಿ ಪೈಪು ಒಡೆದರೆ ಹಲವು ವಿಮಾ ಕಂಪನಿಗಳು ಪರಿಹಾರ ನಿರಾಕರಿಸುತ್ತವೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ತಾಮ್ರದ ಪೈಪು ಅದನ್ನು ತಡೆಯದು. ಹೊರಗಿನ ನಲ್ಲಿಯ ಹೋಸ್ ಬಿಚ್ಚಿ, ಒಳಗಿನ ವಾಲ್ವ್ ಮುಚ್ಚಿ, ಹೊರಗಿನದನ್ನು ತೆರೆದಿಡಿ. ಬೇಸ್‌ಮೆಂಟಿನ ಮುಖ್ಯ ವಾಲ್ವ್ ಮುಚ್ಚಿ ಎಲ್ಲ ನಲ್ಲಿಗಳಿಂದ ನೀರಿಳಿಸಿ, ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಡಿ. ಹಳೆಯ ಮನೆಯಾದ್ದರಿಂದ ರೇಡಿಯೇಟರ್ ಇದ್ದರೆ ಒಂದು ಎಚ್ಚರಿಕೆ, ಬಾಯ್ಲರಿಗೆ ನೀರು ಅದೇ ಲೈನಿನಿಂದ ಹೋಗುತ್ತಿರಬಹುದು. ಪ್ಲಂಬರ್‌ನನ್ನು ಕೇಳದೆ ಮುಖ್ಯ ವಾಲ್ವ್ ಮುಚ್ಚಬೇಡಿ. ಕಾರನ್ನು ಗ್ಯಾರೇಜಿನಲ್ಲಿಟ್ಟು, ಒಂದು ಬೀಗದ ಕೈ ನೆರೆಯವರಲ್ಲಿ ಕೊಟ್ಟು, ಥರ್ಮೋಸ್ಟಾಟ್ ಎಲ್ಲಿದೆ, ವಾಲ್ವ್ ಎಲ್ಲಿದೆ ಎಂದು ಕರೆದುಕೊಂಡು ಹೋಗಿ ತೋರಿಸಿ. ವಾಪಸು ಬಂದ ದಿನ ಮೊದಲು ಮನೆ ಬೆಚ್ಚಗಾಗಲಿ. ಆಮೇಲೆ ಒಬ್ಬರು ಅಡುಗೆಮನೆಯ ನಲ್ಲಿ ತೆರೆದು ನಿಂತಿರಲಿ, ಇನ್ನೊಬ್ಬರು ಬೇಸ್‌ಮೆಂಟಿನಲ್ಲಿ ವಾಲ್ವನ್ನು ಕಾಲು ತಿರುವಿನಷ್ಟು ತೆರೆದು ಸೋರುವ ಸದ್ದಿದೆಯೇ ಎಂದು ಕೇಳಿಸಿಕೊಳ್ಳಲಿ. ಸದ್ದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಪೂರ್ತಿ ತೆರೆಯಿರಿ.